ಎಂಟು ಬೆರಳಿನ ಹಾಸಿಗೆ

ಸುಳ್ಳು ಸಿಕ್ಕಿಬಿದ್ದದ್ದು ಹನ್ನೊಂದನೇ ಪ್ರಶ್ನೆಯಲ್ಲಿ.

ಮಂಚದ ಯಾವ ಕಡೆ ಮಲಗುತ್ತೀರಿ? ಒಂದನೇ ಕೋಣೆಯಲ್ಲಿ ಕೂತಿದ್ದ ಗಂಡ ಹೇಳಿದ— "ಎಡಗಡೆ. ಗೋಡೆ ಪಕ್ಕ." ಅದೇ ಹೊತ್ತಿಗೆ ಮೂರನೇ ಕೋಣೆಯಲ್ಲಿ ಕೂತಿದ್ದ ಹೆಂಡತಿ ಹೇಳಿದಳು— "ಎಡಗಡೆ. ಗೋಡೆ ಪಕ್ಕ."

ಇಬ್ಬರೂ ಎಡಗಡೆಯೇ ಮಲಗಿದರೆ ಬಲಗಡೆ ಯಾರು?

ವಲಸೆ ಕಚೇರಿಯ ತನಿಖಾಧಿಕಾರಿಣಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹಣೆ ಒತ್ತಿಕೊಂಡಳು. ಮದುವೆ ನಿಜವೋ ವೀಸಾಕ್ಕಾಗಿ ಕಟ್ಟಿದ ನಾಟಕವೋ ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಕಂಡವರ ಹಲ್ಲುಜ್ಜುವ ಬ್ರಷ್ಷಿನ ಬಣ್ಣ ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ತನ್ನ ಗಂಡನ ಬ್ರಷ್ಷಿನ ಬಣ್ಣ ಯಾವುದು ಅಂದರೆ ಅವಳಿಗೇ ಗೊತ್ತಿರಲಿಲ್ಲ. ಯಾವ ಫೈಲು ಕೊಟ್ಟರೂ ಏನಾದರೊಂದು ತಕರಾರು ತೆಗೆಯುತ್ತಾಳೆಂದು ಕಚೇರಿಯಲ್ಲಿ ಅವಳಿಗೆ 'ಕೊಕ್ಕೆ ಮೇಡಂ' ಎಂದೇ ಹೆಸರು.

ಈ ಫೈಲಿಗೆ ಬೇರೆ ಯಾರೋ ಆಗಲೇ ಕೊಕ್ಕೆ ಹಾಕಿದ್ದರು. ಹೆಸರಿಲ್ಲದ ಒಂದು ಪತ್ರ, ದಪ್ಪ ಅಕ್ಷರ, ಆರೇ ಸಾಲು:

'ಇದು ಮದುವೆಯಲ್ಲ, ಮೋಸ. ಅವನು ಅವಳ ಜೊತೆ ಬಾಳುತ್ತಿಲ್ಲ. ಹಾಸಿಗೆಯೇ ಸಾಕ್ಷಿ. ಎಂಟು ಬೆರಳು ದಪ್ಪದ ಹಾಸಿಗೆ, ಎಡ ಮಗ್ಗುಲು ಐದಕ್ಕೆ ಇಳಿದಿದೆ. ಬಲ ಮಗ್ಗುಲಲ್ಲಿ ಒಂದು ದಿನವೂ ಯಾರೂ ಮಲಗಿಲ್ಲ. ಅವನನ್ನು ಅವನ ದೇಶಕ್ಕೆ ಕಳಿಸಿ.'

ಹೆಂಡತಿ ಇದೇ ದೇಶದವಳು, ಸಿಟಿ ಬಸ್ಸಿನ ಡ್ರೈವರು. ಗಂಡ ಹೊರದೇಶದವನು, ಬೇಕರಿಯಲ್ಲಿ ಒಲೆಯ ಕೆಲಸ. ಅವನ ಕೆಲಸದ ಪರವಾನಗಿ ಸೋಮವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಪತ್ನಿಯ ಆಧಾರದ ಮೇಲೆ ವೀಸಾ ಸಿಗದಿದ್ದರೆ, ಅದರಲ್ಲೂ ಫೈಲಿನ ಮೇಲೆ 'ಸುಳ್ಳು ಮದುವೆ' ಎಂಬ ಸೀಲು ಬಿದ್ದರೆ, ಅವನು ದೇಶ ಬಿಡಬೇಕು. ಐದು ವರ್ಷ ತಿರುಗಿ ಬರುವಂತಿಲ್ಲ.

"ಇಬ್ಬರೂ ಎಡಗಡೆ, ಮೇಲೆ ಈ ಪತ್ರ. ಇನ್ನೇನು ಬೇಕು?" ಎಂದರು ದೊಡ್ಡ ಸಾಹೇಬರು. "ಸೀಲು ಹೊಡೆದು ಕೈ ತೊಳ್ಕೊಳ್ಳಿ."

"ನಾಟಕ ಆಡೋರು ಉತ್ತರ ಬಾಯಿಪಾಠ ಮಾಡ್ಕೊಂಡು ಬರ್ತಾರೆ ಸಾರ್. ಒಬ್ಬರು ಎಡ, ಒಬ್ಬರು ಬಲ— ಇಷ್ಟು ಸುಲಭದ್ದನ್ನ ಮರೀತಾರಾ?"

"ಶುರು ಮಾಡಿದ್ರಾ ಕೊಕ್ಕೆ? ಶುಕ್ರವಾರ ಐದು ಗಂಟೆಗೆ ಫೈಲು ನನ್ನ ಮೇಜಿನ ಮೇಲಿರ್ಬೇಕು. ಮೂರು ಪ್ರತಿ."

ಬುಧವಾರ ಸಂಜೆ ಐದೂವರೆಗೆ ಅವಳು ಆ ಮನೆಯ ಮೂರನೇ ಮಹಡಿ ಹತ್ತಿದಳು. ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ಬಳಿಯೇ ಮನೆಯ ಒಡತಿ ಕಾದಿದ್ದಳು.

"ನನ್ನನ್ನ ಕೇಳಿ ಮೇಡಂ, ಎಲ್ಲ ಹೇಳ್ತೀನಿ. ಆ ಬಾಗಿಲ ಮುಂದೆ ಯಾವಾಗ ನೋಡಿದ್ರೂ ಒಂದೇ ಜೊತೆ ಚಪ್ಪಲಿ."

"ನೀವು ಅವರ ಮನೆಯೊಳಗೆ ಹೋಗಿದ್ದೀರಾ?"

"ಕರೆದ್ರಲ್ವಾ ಹೋಗೋದು? ನಲ್ಲಿ ಸೋರಿದಾಗ ಒಂದ್ಸಲ ಹೋಗಿದ್ದೆ. ಹಾಸಿಗೆ ಗೀಸಿಗೆ ಎಲ್ಲ ನೀಟಾಗೇ ಇತ್ತು ಬಿಡಿ."

ಹಾಸಿಗೆಯ ಮಾತು ತಾನಾಗಿ ಏಕೆ ಬಂತು? ಮೇಡಂ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಬಾಗಿಲು ತೆಗೆದವನು ಗಂಡ. ಎಷ್ಟು ಉದ್ದದ ಆಳೆಂದರೆ ಹೊಸ್ತಿಲು ದಾಟುವಾಗ ತಲೆ ತಗ್ಗಿಸುವುದು ಅವನಿಗೆ ರೂಢಿಯಾಗಿಹೋಗಿತ್ತು. ಹೆಂಡತಿ ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು. ಬಸ್ಸಿನಲ್ಲಿ ಸೀಟು ಪೂರ್ತಿ ಮುಂದೆಳೆದರೂ ಬೆನ್ನಿಗೊಂದು ದಿಂಬು ಬೇಕಂತೆ. ಒಳಗೆ ಕುರ್ಚಿಯಲ್ಲಿ ಅವಳ ಅಪ್ಪ ಕೂತಿದ್ದರು. ಮದುವೆ ಅಸಲಿ ಎಂದು ಫೈಲಿನಲ್ಲಿ ಪ್ರಮಾಣಪತ್ರ ಬರೆದುಕೊಟ್ಟವರು ಇವರೇ. ಹಾಸಿಗೆ ಹೊಲಿಯುವ ಕಸುಬು. ಇವತ್ತು ಸಾಕ್ಷಿ ಹೇಳಲೆಂದು ಮಗಳು ಕರೆಸಿದ್ದಳು.

"ಇಬ್ಬರೂ ಜೊತೆಗಿರೋ ಫೋಟೋ ಒಂದೇ ಯಾಕಿದೆ?"

"ಜೊತೆಗಿದ್ದದ್ದು ಒಂದೇ ದಿನ ಮೇಡಂ, ಮದುವೆ ದಿನ," ಎಂದುಬಿಟ್ಟಳು ಹೆಂಡತಿ. ಗಂಡ ಕೆಮ್ಮಿದ. "ಅಂದ್ರೆ, ಫೋಟೋ ತೆಗೆಯೋಕೆ ಪುರುಸೊತ್ತಾಗಿಲ್ಲ."

"ನಿಮ್ಮ ಕೆಲಸದ ಹೊತ್ತು?"

ಗಂಡ ಉತ್ತರ ಕೊಡುವ ಮೊದಲು ಮಾವನ ಕಡೆ ನೋಡಿದ. "ಎಲ್ಲರ ಹಾಗೇ. ಬೆಳಗ್ಗೆ ಹೋಗಿ ಸಂಜೆ ಬರ್ತೀನಿ."

ಸುಳ್ಳು. ಆ ನೋಟದಲ್ಲೇ ಗೊತ್ತಾಗಿ ಮೇಡಂಗೆ ಮೈ ಉರಿದುಹೋಯಿತು. ತಾನು ಇವರ ಪರ ಸಾಹೇಬರ ಮುಂದೆ ವಾದ ಮಾಡಿ ಬಂದರೆ ಇವರು ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳುತ್ತಾರೆ.

"ನಿಮಗೆ ವಿರೋಧಿಗಳು ಯಾರಾದ್ರೂ ಇದ್ದಾರಾ?"

"ಫೈಲು ಮಾಡಿಕೊಡ್ತೀನಿ ಅಂದಿದ್ದ ಏಜೆಂಟ್ ಒಬ್ಬ," ಎಂದಳು ಹೆಂಡತಿ. "ನಕಲಿ ಫೋಟೋ ಮಾಡಿಸಿ ಹಾಕೋಣ ಅಂದ. ಬೇಡ ಅಂದ್ವಿ. ನೋಡ್ಕೊಳ್ತೀನಿ ಅಂದು ಹೋದ."

"ಈ ಮನೆಗೆ ಬಂದಿದ್ದನಾ?"

"ಇಲ್ಲ. ಅವನ ಆಫೀಸಿನಲ್ಲೇ ಜಗಳ ಆಗಿದ್ದು."

ಮಲಗುವ ಕೋಣೆ ಚಿಕ್ಕದು. ಎಡಕ್ಕೆ ಗೋಡೆ, ಬಲಕ್ಕೆ ಪರದೆಯಿಲ್ಲದ ಕಿಟಕಿ. ಕಿಟಕಿಯಾಚೆ ಹಗ್ಗದ ಮೇಲೆ, ಹಾಸಿಗೆಗೆ ಹಾಸುವ ದುಪ್ಪಟಿ ಒಗೆದು ಒಣಹಾಕಿದ್ದರು. ಅದರ ಒಂದೇ ಅರ್ಧಕ್ಕೆ ತೇಪೆ: ತುದಿಯ ಹತ್ತಿರ ಎರಡು, ಅಲ್ಲಿಂದ ಒಂದು ಮೊಳ ಮೇಲೆ ಇನ್ನೆರಡು. ಉಳಿದರ್ಧ ಹೊಸದರಂತಿತ್ತು. ಮೇಡಂ ಹಾಸಿಗೆಯ ಮೇಲಿದ್ದ ಹೊದಿಕೆ ಸರಿಸಿದಳು. ಪತ್ರ ಸುಳ್ಳು ಹೇಳಿರಲಿಲ್ಲ. ಎಡ ಮಗ್ಗುಲು ತೊಟ್ಟಿಯಂತೆ ತಗ್ಗಿತ್ತು, ಬಲ ಮಗ್ಗುಲು ಸಪಾಟಾಗಿತ್ತು.

ಬೆರಳಿಟ್ಟು ಅಳೆದಳು. ಎಡಗಡೆ ಐದು. ಬಲಗಡೆ ಏಳು. ನಾಲ್ಕೂ ಮೂಲೆಗಳಲ್ಲಿ ಏಳು.

"ಚೆನ್ನಾಗಿರೋ ಹತ್ತಿ," ಎಂದರು ಬಾಗಿಲಲ್ಲಿ ನಿಂತಿದ್ದ ಅಪ್ಪ. "ಮದುವೆಗೆ ನಾನೇ ಹೊಲಿದು ಕೊಟ್ಟಿದ್ದು." ಅವರ ದನಿಯಲ್ಲಿ ಸಂತೋಷವಿರಲಿಲ್ಲ.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಮೇಡಂ ಬೇಕರಿಯಲ್ಲಿದ್ದಳು.

"ಒಲೆ ಅಣ್ಣನಾ?" ಎಂದಳು ಬ್ರೆಡ್ಡು ಕಟ್ಟುತ್ತಿದ್ದ ಹುಡುಗಿ. "ಈಗೆಲ್ಲಿ ಸಿಗ್ತಾರೆ? ರಾತ್ರಿ ಎಂಟಕ್ಕೆ ಬಂದು ಬೆಳಗ್ಗೆ ಏಳಕ್ಕೆ ಹೋಗಿಬಿಡ್ತಾರೆ."

"ದಿನಾ?"

"ದಿನಾ. ವೀಸಾ ಖರ್ಚಿಗೆ ಅಂತ ರಜೆ ದಿನಾನೂ ಬರ್ತಾರೆ, ಮದುವೆ ಆದಾಗಿನಿಂದ. ಹೋಗಿ ಮಲಗ್ತಾರೆ, ಎದ್ದು ಬರ್ತಾರೆ. ಪಾಪ, ಅಕ್ಕ ಬೆಳಗಿನ ಐದು ಗಂಟೆ ಬಸ್ಸು ಓಡಿಸ್ತಾರೆ, ಇವರು ಹೋಗೋ ಹೊತ್ತಿಗೆ ಅವರಿರಲ್ಲ."

ಮೇಡಂ ಅಲ್ಲೇ ಒಂದು ಸ್ಟೂಲ್ ಎಳೆದುಕೊಂಡು ಕೂತಳು. ಫೈಲಿನ ಪ್ರಕಾರ ಹೆಂಡತಿ ಕೆಲಸ ಮುಗಿಸಿ ಬರುವುದು ನಾಲ್ಕೂವರೆಗೆ, ಗಂಡ ಹೊರಡುವುದು ಏಳಕ್ಕೆ. ನಡುವೆ ಇರುವ ಎರಡೂವರೆ ಗಂಟೆಯಲ್ಲಿ ಸಂಸಾರ! ಆ ಹೊತ್ತನ್ನೂ ವಲಸೆ ಕಚೇರಿಯ ಹದಿನಾಲ್ಕು ಫಾರಂ ತಿಂದುಹಾಕುತ್ತಿದ್ದವು. ಜೊತೆಗೆ ಬದುಕುತ್ತಿದ್ದೇವೆಂದು ತೋರಿಸುವ ಖರ್ಚಿಗಾಗಿ ಜೊತೆಗೆ ಬದುಕುವುದನ್ನೇ ಬಿಟ್ಟಿದ್ದರು. ತನ್ನ ಕಚೇರಿಯ ಮೇಲೆ ಅವಳಿಗೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಆದರೆ ಇದನ್ನು ಮಾವನ ಮುಂದೆ ಮುಚ್ಚಿಟ್ಟದ್ದೇಕೆ?

ಉತ್ತರ ಹುಡುಕಿಕೊಂಡು ಹಾಸಿಗೆ ಅಂಗಡಿಗೆ ಹೋದಳು. ಅಲ್ಲಿ ಹತ್ತಿಯ ರಾಶಿಯ ನಡುವೆ ಅಪ್ಪ ಹೊಸ ಹಾಸಿಗೆಯೊಂದರ ಅಂಚು ಹಿಡಿದು ಅಳೆಯುತ್ತಿದ್ದರು. ಗೋಡೆಯಲ್ಲಿ ಅಳತೆಯ ಟೇಪು ತೂಗುತ್ತಿತ್ತು. ಅವರು ಅದನ್ನು ಮುಟ್ಟಲಿಲ್ಲ. ಬೆರಳ ಮೇಲೆ ಬೆರಳು ಇಡುತ್ತಾ ಎಣಿಸುತ್ತಿದ್ದರು. ಆರು, ಏಳು, ಎಂಟು.

ಮೇಡಂ ಬಾಗಿಲಲ್ಲೇ ನಿಂತಳು.

"ಸಂಜೆ ಐದೂವರೆಗೆ ಮಗಳ ಮನೆಗೆ ಬನ್ನಿ ಯಜಮಾನ್ರೇ. ಪತ್ರ ಬರೆದವರು ಯಾರು ಅಂತ ಗೊತ್ತಾಗಿದೆ."

ಸಂಜೆ ಆ ಚಿಕ್ಕ ಕೋಣೆಯಲ್ಲಿ ಎಲ್ಲರೂ ನಿಂತೇ ಇದ್ದರು. ಮನೆಯ ಒಡತಿ ಕರೆಯದಿದ್ದರೂ ಬಂದು ಬಾಗಿಲಿಗೆ ಆತುಕೊಂಡಿದ್ದಳು.

"ಏಜೆಂಟ್ ಈ ಮನೆಗೆ ಕಾಲಿಟ್ಟಿಲ್ಲ," ಎಂದು ಶುರು ಮಾಡಿದಳು ಮೇಡಂ. "ಹಾಗಾಗಿ ಅವನಲ್ಲ. ಮನೆ ಓನರ್ ಅಮ್ಮ ಎಲ್ಲದಕ್ಕೂ ಮೂಗು ತೂರಿಸ್ತಾರೆ."

"ನಾನಾ?"

"ನೀವೇ. ಆದರೆ ಈ ಪತ್ರ ನಿಮ್ಮದಲ್ಲ. ಪತ್ರದಲ್ಲಿ ಎಂಟು ಬೆರಳು ದಪ್ಪದ ಹಾಸಿಗೆ ಅಂತಿದೆ. ನಾನು ಅಳೆದೆ. ಎಡಗಡೆ ಐದು, ಉಳಿದ ಕಡೆಯೆಲ್ಲ ಏಳು. ನನ್ನ ಬೆರಳು ಸಣ್ಣ, ಆದರೂ ಎಂಟು ಮುಟ್ಟಲಿಲ್ಲ. ಹತ್ತಿ ತಾನಾಗಿಯೇ ಒಂದು ಬೆರಳು ಕುಗ್ಗಿದೆ. ಇವತ್ತು ಈ ಹಾಸಿಗೆಯಲ್ಲಿ ಎಲ್ಲೂ ಎಂಟು ಇಲ್ಲ. ಮತ್ತೆ ಆ ಎಂಟು ಎಲ್ಲಿಂದ ಬಂತು?"

ಮೇಡಂ ಅಪ್ಪನ ಕಡೆ ತಿರುಗಿದಳು.

"ಹೊಲಿದ ದಿನ ಎಂಟಿತ್ತು. ಅದು ಹೊಲಿದವರಿಗೆ ಮಾತ್ರ ಗೊತ್ತು. ಪತ್ರ ಬರೆದವರು ನೀವು, ಯಜಮಾನ್ರೇ."

"ಅಪ್ಪಾ?" ಎಂದಳು ಮಗಳು. "ಸೋಮವಾರ ಇವರು ಹೊರಟುಹೋಗಬೇಕಾಗತ್ತೆ ಅಪ್ಪಾ. ಗೊತ್ತಿದ್ದೂ ಬರೆದ್ಯಾ?"

"ಗೊತ್ತಿದ್ದೇ ಬರೆದೆ." ಅಪ್ಪ ತಲೆ ಎತ್ತಲಿಲ್ಲ. "ಹೋದ ತಿಂಗಳು ಬಂದಾಗ ದುಪ್ಪಟಿ ಕಿತ್ತು ನೋಡ್ದೆ. ನಲವತ್ತು ವರ್ಷದಿಂದ ಹಾಸಿಗೆ ಬಿಚ್ಚಿ ತುಂಬ್ತಿದೀನಿ. ಗಂಡ ಹೆಂಡ್ತಿ ಮಲಗಿದ ಹಾಸಿಗೆ ಹೇಗಿರತ್ತೆ ಅಂತ ನನಗ್ಯಾರೂ ಹೇಳಿಕೊಡಬೇಕಿಲ್ಲ. ಎರಡು ತಗ್ಗು, ನಡುವೆ ದಿಬ್ಬ. ಜಗಳಗಂಟರದ್ದಾದ್ರೆ ದಿಬ್ಬ ಸ್ವಲ್ಪ ದೊಡ್ಡದು. ಇದರಲ್ಲಿ ಇದ್ದಿದ್ದು ಒಂದೇ ತಗ್ಗು, ಪುಟ್ಟೀ. ನಿನ್ನದೊಂದೇ. ಇವನು ಕಾಗದಕ್ಕೋಸ್ಕರ ನಿನ್ನ ಕಟ್ಕೊಂಡು ಬೇರೆ ಎಲ್ಲೋ ಇದ್ದಾನೆ, ನೀನು ಮರ್ಯಾದೆಗೆ ಅಂಜಿ ಬಾಯಿ ಮುಚ್ಕೊಂಡಿದೀಯ ಅಂದ್ಕೊಂಡೆ."

"ಮಗಳನ್ನೇ ಕೇಳಬಹುದಿತ್ತಲ್ಲ?" ಎಂದಳು ಮೇಡಂ.

"ಏನಂತ ಕೇಳಲಿ ಮೇಡಂ? ಅಪ್ಪ ಆದವನು ಮಗಳನ್ನ ಅದನ್ನೆಲ್ಲ ಕೇಳೋದಾ?"

"ಕೇಳಿದ್ರೂ ಇವರು ನಿಜ ಹೇಳ್ತಿರಲಿಲ್ಲ ಬಿಡಿ." ಮೇಡಂ ಗಂಡನ ಕಡೆ ತಿರುಗಿದಳು. "ರಾತ್ರಿ ಪಾಳಿ ಅಂತ ಮಾವನಿಗೆ ಯಾಕೆ ಹೇಳಲಿಲ್ಲ?"

"ರಾತ್ರಿ ಕೆಲಸ ಬಿಟ್ರೆ ಮಾತ್ರ ಮಗಳನ್ನ ಕೊಡ್ತೀನಿ ಅಂದಿದ್ರು ಮಾವ. ಅವಳು ರಾತ್ರಿ ಒಬ್ಬಳೇ ಇರಬಾರದು ಅಂತ. ಬಿಟ್ಟೆ ಅಂದೆ. ಬಿಡೋಕಾಗಲಿಲ್ಲ."

ಅಪ್ಪ ಅಳಿಯನ ಕೆಂಪಗಿನ ಕಣ್ಣುಗಳನ್ನು ಅಂದೇ ಮೊದಲ ಸಲ ನೋಡುವಂತೆ ನೋಡಿದರು.

"ನೀವು ಹಾಸಿಗೆ ನೋಡೋ ಆತುರದಲ್ಲಿ ದುಪ್ಪಟಿ ಕಿತ್ತು ಬಿಸಾಕಿದ್ರಿ," ಎಂದಳು ಮೇಡಂ. ಮಡಿಸಿಟ್ಟಿದ್ದ ದುಪ್ಪಟಿ ತೆಗೆದು ಮಂಚದ ಮೇಲೆ ಹರಡಿದಳು. "ಈಗ ನೋಡಿ. ತುದಿಯಲ್ಲಿ ಎರಡು ತೇಪೆ, ಮೊಳದಷ್ಟು ಮೇಲೆ ಇನ್ನೆರಡು. ಎಲ್ಲ ಎಡಗಡೆನೇ. ಏನಿದು?"

ಅಪ್ಪ ಬಗ್ಗಿ ತೇಪೆ ಸವರಿದರು. ಕಸುಬಿನ ಕೈ. ಉತ್ತರ ಬಾಯಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು.

"ಹಿಮ್ಮಡಿ," ಎಂದರು. "ಹಿಮ್ಮಡಿ ಉಜ್ಜಿ ಸವೆದಿದ್ದು."

"ಯಾರ ಹಿಮ್ಮಡಿ?"

"ತುದಿಯದ್ದು ಉದ್ದದ ಆಳಿಂದು." ಅವರ ಬೆರಳು ಮೇಲಿನ ತೇಪೆಗೆ ಸರಿಯಿತು. "ಮೇಲಿನದ್ದು ನನ್ನ ಮಗಳದ್ದು."

"ಒಬ್ಬರ ತಗ್ಗಲ್ಲ ಅದು, ಇಬ್ಬರದ್ದು. ಹಗಲು ಅವರು, ರಾತ್ರಿ ಇವರು. ಅದಕ್ಕೇ ಇಬ್ಬರೂ ಎಡಗಡೆ ಅಂದ್ರು. ಇಬ್ಬರೂ ನಿಜಾನೇ ಹೇಳಿದ್ರು." ಮೇಡಂ ಪೆನ್ನು ತೆಗೆದಳು. "ಇನ್ನು ಒಂದೇ ಪ್ರಶ್ನೆ. ನೀವ್ಯಾಕೆ ಎಡಗಡೆ?"

"ಬಲಗಡೆ ಕಿಟಕಿ ಮೇಡಂ," ಎಂದ ಗಂಡ. "ಹಗಲು ಕಣ್ಣಿಗೆ ಬಿಸಿಲು ಹೊಡೆಯತ್ತೆ."

"ಸರಿ. ಆದರೆ ರಾತ್ರಿ ಬಿಸಿಲಿಲ್ಲವಲ್ಲ. ನೀವ್ಯಾಕಮ್ಮ ಎಡಗಡೆ? ಇಡೀ ಮಂಚ ಖಾಲಿ ಇದೆ, ಗಾಳಿ ಬರೋ ಕಡೆ ಬಿಟ್ಟು ಆ ಗುಂಡಿಯಲ್ಲೇ ಯಾಕೆ ಮಲಗ್ತೀರಿ?"

ಹೆಂಡತಿ ಗಂಡನನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ.

"ಅಲ್ಲಿ ಇವರು ಮಲಗಿರ್ತಾರಲ್ಲ," ಎಂದಳು. "ಅಲ್ಲಿ ಮಲಗಿದ್ರೆ ಒಬ್ಬಳೇ ಇದೀನಿ ಅನ್ನಿಸಲ್ಲ."

ಮೇಡಂ ಬರೆದುಕೊಳ್ಳುವುದನ್ನು ಮರೆತಳು. ಮನೆಯ ಒಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇದನ್ನ ನನಗೆ ಯಾವತ್ತೂ ಹೇಳೇ ಇಲ್ಲ," ಎಂದ ಗಂಡ.

"ಯಾವಾಗ ಹೇಳಲಿ ರೀ? ನೀವು ಎಚ್ಚರ ಇರೋ ಹೊತ್ತೆಲ್ಲ ಫಾರಂ ತುಂಬೋದೇ ಆಗೋಯ್ತು."

ಹನ್ನೊಂದನೇ ಪ್ರಶ್ನೆಯ ಮುಂದೆ ಫಾರಮ್ಮಿನಲ್ಲಿ ಎಡ, ಬಲ ಎಂದು ಎರಡೇ ಚೌಕಗಳಿದ್ದವು. ಮೇಡಂ ಅವೆರಡನ್ನೂ ಬಿಟ್ಟು ಅಂಚಿನ ಖಾಲಿ ಜಾಗದಲ್ಲಿ 'ಇಬ್ಬರೂ ಎಡಗಡೆ. ಮದುವೆ ನಿಜ' ಎಂದು ಬರೆದು ಸಹಿ ಹಾಕಿದಳು. ಪತ್ರ ಹಿಂತೆಗೆದುಕೊಂಡಿದ್ದೇನೆಂದು ಅಪ್ಪನಿಂದ ಬರೆಸಿಕೊಂಡಳು. ಅದಕ್ಕೂ ಮೂರು ಪ್ರತಿ ಬೇಕಿತ್ತು. ಅವರು ಗೊಣಗದೆ ಮೂರು ಸಲವೂ ಅದೇ ದಪ್ಪ ಅಕ್ಷರದಲ್ಲಿ ಬರೆದರು.

ಬರೆದು ಮುಗಿಸಿ ಮಂಚದ ಬಳಿ ಬಂದು, ತಗ್ಗಿನ ಮೇಲೆ ಅಂಗೈ ಇಟ್ಟು ನಿಂತರು.

"ಇದನ್ನ ಅಂಗಡಿಗೆ ಕಳಿಸು ಪುಟ್ಟೀ. ಬಿಚ್ಚಿ, ಹೊಸ ಹತ್ತಿ ತುಂಬಿ, ಸಪಾಟು ಮಾಡ್ಕೊಡ್ತೀನಿ."

"ಬೇಡ ಅಪ್ಪಾ," ಎಂದಳು ಮಗಳು. "ಹಾಗೇ ಇರ್ಲಿ."