ಜಿಲ್ಲಾ ಕೇಂದ್ರದ ಗೂಟ

1856ರ ಜೂನ್ 9, ಸೋಮವಾರ. ಹೋಟೆಲಿನ ಮಾಲೀಕನೂ ಜಿಲ್ಲಾ ಕಮಿಷನರನೂ ಆದ ಸ್ಪ್ರೇಗ್ ದೂರು ಹೊತ್ತು ಓಡಿ ಬಂದಾಗ ಶೆರೀಫ್ ಎಜ್ರಾ ಟಟಲ್ ಇನ್ನೂ ಬೂಟಿಗೆ ಕಾಲು ತೂರಿಸುತ್ತಿದ್ದ.

"ಗೂಟ ಕದ್ದಿದಾರೆ ಶೆರೀಫ್!"

"ಕುದುರೆ ಕಟ್ಟೋದಾ?"

"ಕೋರ್ಟು ಕಟ್ಟೋ ಜಾಗಕ್ಕೆ ಸರ್ವೆಯೋರು ಹೊಡೆದಿದ್ದ ಗೂಟ ಕಣಯ್ಯಾ! ನಾಳೆ ಪಾಯ ತೋಡ್ಬೇಕು. ಗೂಟ ಇಲ್ಲಾಂದ್ರೆ ಜಿಲ್ಲಾ ಕೇಂದ್ರಾನೇ ಪಕ್ಕದೂರು ಮಿಲ್ ಗ್ರೋವ್‌ನೋರು ಹೊತ್ಕೊಂಡು ಹೋಗ್ತಾರೆ!"

ಟಟಲ್ ಹಣೆ ಚಚ್ಚಿಕೊಂಡ. ಮನೆಗಿಂತ ಹಂದಿಗಳೇ ಹೆಚ್ಚಿದ್ದ ಊರಿಗೆ ಜಿಲ್ಲಾ ಕೇಂದ್ರದ ಪಟ್ಟ, ಆ ಪಟ್ಟಕ್ಕೆ ಒಂದು ತುಂಡು ಹಲಗೆಯ ಆಧಾರ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ನಡುವೆ ಕಾನೂನು ಕಾಯುವುದು ಅವನಿಗೆ ಸಾಕುಸಾಕಾಗಿತ್ತು.

ಸಹಾಯಕ ಓರಿನ್ ಬಂದೂಕು ಹಿಡಿದು ಮಿಲ್ ಗ್ರೋವ್‌ಗೆ ಹೊರಡಲು ಕುದುರೆ ಏರಿಯೇಬಿಟ್ಟಿದ್ದ.

"ಇಳಿಯೋ ಮಾರಾಯ. ಮೊದ್ಲು ಜಾಗ ನೋಡೋಣ."

ಏಳೂವರೆಗೆ ಇಬ್ಬರು ಪಂಚರ ಸಮಕ್ಷಮ ಮಹಜರು ನಡೆಯಿತು. ಗೂಟ ಕಿತ್ತ ಗುಂಡಿಯನ್ನು ಯಾರೋ ಮುಚ್ಚಿ, ಅಂಗೈಯಿಂದ ತಟ್ಟಿದ್ದರು. ಬೆರಳಿನ ಗುರುತುಗಳು ಸಣ್ಣವು.

"ವೈರಿಗಳು ಗುಂಡಿ ಮುಚ್ಚಲ್ಲ," ಎಂದ ಟಟಲ್.

ಇಬ್ಬನಿಯಲ್ಲಿ ಮೂಡಿದ್ದ ಬರಿಗಾಲಿನ ಜಾಡು ಬಟ್ಟೆ ಒಗೆಯುವ ವಿಧವೆ ಕೆಜಾಯಾ ಲಂಟಳ ಗುಡಿಸಲಿಗೆ ಹೋಗಿತ್ತು. ಸ್ಪ್ರೇಗ್ ಗೊಣಗುತ್ತ ಹಿಂದೆಯೇ ಬಂದ.

"ಗೂಟ ಎಲ್ಲಿ ಕೆಜಾಯಮ್ಮ?"

"ನನ್ನತ್ರ ಗೂಟ ಇಲ್ಲ ಸಾಹೇಬ್ರೆ."

"ಮತ್ತೆ ಮೇಜಿನ ಮೇಲಿರೋದು?"

"ಕೆಳಗಿನ ತುದಿ ನೋಡಿ."

ಮೇಲ್ತುದಿಯಲ್ಲಿ ಸರ್ವೆಯವರ ಕೆಂಪು ಬಣ್ಣ. ನೆಲದಲ್ಲಿ ಹೂತಿದ್ದ ತುದಿಯಲ್ಲಿ ಚಾಕುವಿನಿಂದ ಕೆತ್ತಿದ ಹೆಸರು: ಲೂಸಿ ಲಂಟ್, ಎರಡು ವರ್ಷ. ಮರವೇ ಇಲ್ಲದ ಬಯಲು. ಹುಲ್ಲಿನಲ್ಲಿ ಸಿಕ್ಕ ಓಕ್ ಹಲಗೆಯನ್ನು ಸರ್ವೆಯವರು ಬಿಟ್ಟಾರೆಯೇ? ಮಗುವಿನ ಸಮಾಧಿಯಿಂದ ಕಿತ್ತು ತಂದು ತಲೆಕೆಳಗಾಗಿ ಹೊಡೆದಿದ್ದರು.

"ಕೇಳಿ ಇಸ್ಕೋಬಹುದಿತ್ತಲ್ಲಮ್ಮ?"

"ಕೇಳ್ದೆ. ನಿನ್ನ ಮಗಳಿಗಿಂತ ಜಿಲ್ಲೆ ದೊಡ್ದು ಅಂದ್ರು, ಇವ್ರೇ."

ಸ್ಪ್ರೇಗ್ ಟೋಪಿ ತೆಗೆದು ಅದರೊಳಗೆ ನೋಡತೊಡಗಿದ.

"ಸರಿ, ತಂದ್ಮೇಲೆ ಮಗು ತಲೆ ಹತ್ರ ನೆಡೋದ್ಬಿಟ್ಟು ಇಲ್ಲ್ಯಾಕೆ ಇಟ್ಕೊಂಡೆ?"

ಕೆಜಾಯಾ ಒದ್ದೆ ಕೈ ಒರೆಸಿಕೊಂಡಳು. "ಎಲ್ಲಿ ನೆಡ್ಲಿ? ಸೊಂಟದ ಮಟ್ಟ ಹುಲ್ಲು. ಹೊತ್ತು ಮೂಡಿದಾಗಿಂದ ಹುಡುಕ್ದೆ. ಜಾಗಾನೇ ಸಿಗ್ತಿಲ್ಲ."

ಟಟಲ್ ಬಾಗಿಲಾಚೆಯ ಹುಲ್ಲನ್ನೊಮ್ಮೆ ನೋಡಿ, ಕಾಗದ ಬಿಡಿಸಿದ.

ಎಂಟೂವರೆಗೆ ಬಂಧನವಾಯಿತು. ಸೆರೆಮನೆ ಕೋರ್ಟಿನ ಜೊತೆಗೇ ಕಟ್ಟಬೇಕಾಗಿದ್ದರಿಂದ ಆರೋಪಿಯನ್ನು ಅವಳ ಮನೆಯಲ್ಲೇ ಇರಿಸಲಾಯಿತು. ವರದಿಯಲ್ಲಿ ಕಳವಿಗೆ ಕಾರಣವೇನೆಂಬಲ್ಲಿ ಟಟಲ್ ‘ಮಗಳು’ ಎಂದಷ್ಟೇ ಬರೆದ. ಆಮೇಲೆ ಹೊರಗೆ ಬಂದು ಗದರಿದ:

"ಓರಿನ್, ಬಂದೂಕು ಬಿಸಾಕಿ ಕುಡುಗೋಲು ತಗೊಂಡ್ಬಾ. ಮೂರು ತಾ."

"ಮೂರನೇದು ಯಾರಿಗೆ?" ಎಂದ ಸ್ಪ್ರೇಗ್. "ನಾಳೆ ಪಾಯ ಇದೆ ಶೆರೀಫ್!"

"ಇವತ್ತು ಹುಲ್ಲಿದೆ," ಎಂದು ಟಟಲ್ ಕೋಟು ಬಿಚ್ಚಿದ.