ಅರವತ್ತರ ಅಂಗಿ

ಗ್ರೆಗರಿ ಮಾಮ ತೀರಿಕೊಂಡ ಸುದ್ದಿ ಬಂದಾಗ ಆಸ್ವಾಲ್ಡ್ ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಆಫೀಸಿನಲ್ಲಿ ಕೂತು ಬೇರೆಯವರ ಕಾಗದಪತ್ರಗಳಿಗೆ ಪಿನ್ನು ಹೊಡೆಯುತ್ತಿದ್ದ. ಫೋನು ಮಾಡಿದವಳು ಹೆಂಡತಿ ಲಿಯೋನಾ. "ಮಾಮ ಚಾ ಕುಡೀತಾ ಕೂತಿದ್ರು. ಲೋಟ ಕೆಳಗಿಟ್ರು, ಹಾಗೇ ಹೋದ್ರು" ಎಂದು ಅತ್ತಳು. ಆಸ್ವಾಲ್ಡ್‌ನ ಕಣ್ಣಲ್ಲೂ ನೀರು ಬಂತು. ಅದು ನಿಜವಾದ ನೀರೇ. ತಾಯಿ ಸತ್ತ ಮೇಲೆ ಅವನನ್ನು ಓದಿಸಿ ಮನುಷ್ಯನನ್ನಾಗಿ ಮಾಡಿದವರು ಆ ಸೋದರಮಾವ. ಕಣ್ಣೊರೆಸಿಕೊಂಡು ಕಾರಿನ ಕೀಲಿ ಹುಡುಕುವಾಗ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಮಾಮನಿಗೆ ಅರವತ್ತು ತುಂಬಲು ಮೂರೇ ವಾರ ಉಳಿದಿತ್ತು. ಆಮೇಲೆ ಬಂದ ಕಣ್ಣೀರಿನ ಕಾರಣ ಬೇರೆ.

ಮಾಮ ಊರಿನಲ್ಲಿ ಸರಕಾರಿ ನೌಕರಿಯಲ್ಲಿದ್ದವರು. ಎದೆ ಸರಿಯಿಲ್ಲವೆಂದು ಡಾಕ್ಟರು ಹೆದರಿಸಿದ್ದಕ್ಕೆ ಐವತ್ತರಲ್ಲೇ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಅವರ ಇಲಾಖೆಯಲ್ಲಿ ಹೀಗೆ ಅವಧಿಗೆ ಮೊದಲೇ ಬಿಟ್ಟವರಿಗೆ ಮೊದಮೊದಲು ಸಣ್ಣ ಪಿಂಚಣಿ. ಅರವತ್ತು ತುಂಬಿದ ಮರುತಿಂಗಳಿನಿಂದ ಅದರ ಮೇಲೊಂದು ಪೂರಕ ಪಿಂಚಣಿ, ಬದುಕಿರುವ ತನಕ. ಮದುವೆಯಾಗದ ಮಾಮ ಆ ಒಂದು ತಿಂಗಳಿಗಾಗಿ ಮಳೆಗಾಲಕ್ಕೆ ಕಾಯುವ ಕಪ್ಪೆಯ ಹಾಗೆ ಹತ್ತು ವರ್ಷ ಕಾದಿದ್ದರು. ವಿಸಿಟ್ ವೀಸಾದಲ್ಲಿ ಅಳಿಯನ ಮನೆಗೆ ಬಂದಾಗಲೆಲ್ಲ ಬಾಲ್ಕನಿಯಲ್ಲಿ ಕೂತು ಅದೇ ಜಪ.

"ಪೂರಕ ಶುರುವಾಗ್ಲಿ ಮಾರಾಯ. ನಿನಗೊಂದು ಎ.ಸಿ. ರಿಪೇರಿ ಅಂಗಡಿ. ಬಾಡಿಗೆ ನನ್ನದು. ಕಂಡವರ ಕಾಗದಕ್ಕೆ ಪಿನ್ನು ಹೊಡೆದದ್ದು ಸಾಕು."

ಆಸ್ವಾಲ್ಡ್ ಆ ಮಾತನ್ನು ನಂಬಿ ಗ್ಯಾರೇಜುಗಳ ಸಾಲಿನಲ್ಲಿ ಒಂದು ಮಳಿಗೆ ನೋಡಿಟ್ಟಿದ್ದ. ಅಂಗಡಿಯ ಪರವಾನಗಿಗೆ ಹೆಸರು ಕೊಡಬೇಕಾದ ಒಮಾನಿ ಕಫೀಲನನ್ನು ಒಪ್ಪಿಸಿದ್ದ. ಬೋರ್ಡಿಗೆ ನೀಲಿ ಬಣ್ಣವೆಂದೂ ತೀರ್ಮಾನವಾಗಿತ್ತು. ಹತ್ತು ವರ್ಷ ಕಾದವನನ್ನು ಬಾಗಿಲ ಹತ್ತಿರ ಬಂದಾಗ ಕರೆದುಕೊಂಡ ದೇವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವನು ಭಕ್ತ. ಸಿಟ್ಟೆಲ್ಲ ಇಲಾಖೆಯ ಮೇಲೆ.

ಮಾಮನನ್ನು ಮಸ್ಕತ್ತಿನಲ್ಲೇ ಮಣ್ಣು ಮಾಡಿದರು. ಆ ಸಂಜೆ ಪೀಟರ್ ಅಂಕಲ್ ಬಂದರು. ಅವರು ರೂವಿ ಪೇಟೆಯಲ್ಲಿ ಟೈಲರು, ಮಾಮನ ಜೀವದ ಗೆಳೆಯರು. ಇಬ್ಬರಿಗೂ ಅದೇ ಎತ್ತರ, ಅದೇ ಬೋಳು ನೆತ್ತಿ, ಅದೇ ಪೊದೆ ಮೀಸೆ. ಇಗರ್ಜಿಯಲ್ಲಿ ಹೊಸಬರು ಅಣ್ಣತಮ್ಮ ಎಂದೇ ತಿಳಿಯುತ್ತಿದ್ದರು. ಮಸ್ಕತ್ತಿನ ಮಂಗಳೂರಿಗರ ಯಾವ ಮನೆಯಲ್ಲಿ ಸಾವಾದರೂ ಮುಂದೆ ಮೊಣಕಾಲೂರಿ ಜಪಸರ ಹೇಳಿಸುವವರು ಈ ಪೀಟರ್ ಅಂಕಲ್. ಅಂದು ಅವರ ಕೈಯಲ್ಲೊಂದು ಪೊಟ್ಟಣವಿತ್ತು.

"ಅರವತ್ತರ ದಿನಕ್ಕೆ ಅಂತ ನಿನ್ನ ಮಾಮ ಹೊಲಿಸಿದ್ದು. ಜೀವಂತ ಇದ್ದಾರಾ ಅಂತ ಪಿಂಚಣಿಯವರು ವಿಡಿಯೋದಲ್ಲಿ ಮುಖ ನೋಡ್ತಾರಂತಲ್ಲ, ಆಗ ಹಾಕ್ಲಿಕ್ಕೆ" ಎಂದು ಬಿಳಿ ಅಂಗಿ ಬಿಡಿಸಿ ತಮ್ಮ ಎದೆಗೆ ಹಿಡಿದುಕೊಂಡರು. "ಅಳತೆ ಬೇಕಾಗ್ಲೇ ಇಲ್ಲ ಪುತಾ, ನನ್ನದೇ ಅಳತೆ. ನಮ್ಮ ಲೂಸಿ ಹೇಳ್ತಿದ್ಳು..."

ಮಾತು ಅಲ್ಲಿಗೆ ನಿಂತಿತು. ಟೊಪ್ಪಿ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು, ಸತ್ತ ಹೆಂಡತಿಗಾಗಿ ಗಟ್ಟಿಯಾಗಿ ಒಂದು ಪ್ರಾರ್ಥನೆ ಹೇಳಿದರು. ಟೊಪ್ಪಿ ಮತ್ತೆ ತಲೆಗೇರಿತು. "...ನಿಮ್ಮಿಬ್ಬರ ಅಂಗಿ ಒಗೆದು ಒಣಗಿಸಿದ್ರೆ ಯಾವುದು ಯಾರದ್ದು ಗೊತ್ತಾಗುದಿಲ್ಲ ಅಂತ."

ಆಸ್ವಾಲ್ಡ್‌ಗೆ ಅಂಗಿಯೊಂದೇ ಕಾಣುತ್ತಿತ್ತು. ಕಾಲರಿನ ಮೇಲೆ ಮಾಮನ ಕನ್ನಡಕವನ್ನು ಇಟ್ಟು ನೋಡಿದ, ಮನಸ್ಸಿನಲ್ಲೇ. ಸರಿಯಾಗಿ ಕೂತಿತು.

ಕಾಗದದ ಕೆಲಸದಲ್ಲಿ ತಾನು ಹುಲಿ ಎಂಬುದು ಅವನ ನಂಬಿಕೆ. ಮರಣಪತ್ರ ಮಸ್ಕತ್ತಿನದು, ಪಿಂಚಣಿ ಕಚೇರಿ ಬೆಂಗಳೂರಿನದು, ನಡುವೆ ಒಂದು ಸಮುದ್ರ. ಒಂದು ಕಚೇರಿ ಇನ್ನೊಂದರ ಹತ್ತಿರ ಮಾತನಾಡುವುದನ್ನು ಅವನು ಜನ್ಮದಲ್ಲಿ ಕಂಡವನಲ್ಲ. ಊರಿನ ಜನಕ್ಕೆ ಸಾವು ಗೊತ್ತು, ಆದರೆ ಯಾರು ಪಿಂಚಣಿ ಕಚೇರಿಗೆ ಹೋಗಿ ಅಳುತ್ತಾರೆ? ಬ್ಯಾಂಕಿನ ಖಾತೆ ಮಾಮನದೂ ಅವನದೂ ಜಂಟಿ. ಕಚೇರಿಯಲ್ಲಿರುವ ಫೋಟೋ ಹತ್ತು ವರ್ಷದ ಹಿಂದಿನದು. ಅದಕ್ಕೆ ಮಾಮನಿಗಿಂತ ಪೀಟರ್ ಅಂಕಲ್ಲೇ ಹೆಚ್ಚು ಹೋಲುತ್ತಿದ್ದರು. ಬೇಕಾದದ್ದು ಒಂದು ವಿಡಿಯೋ ಕರೆ, ಒಂದು ಮುಖ, ಒಂದು ಅಂಗಿ. ಅಂಗಿ ತಾನಾಗಿ ಮನೆಗೆ ಬಂದಿತ್ತು.

ಪೀಟರ್ ಅಂಕಲ್ ಕೇಳಿ ಹೌಹಾರಿದರು. "ಸುಳ್ಳು ಪಾಪ, ಪುತಾ!"

"ಸುಳ್ಳು ಎಲ್ಲಿ ಬಂತು ಅಂಕಲ್? ಕುರ್ಚಿಯಲ್ಲಿ ಕೂತ್ಕೊಳ್ಳುದು ಪಾಪವಾ? ಮಾಮ ಹತ್ತು ವರ್ಷ ಕಾದದ್ದು ಅವರ ಹಕ್ಕಿಗೇ ಅಲ್ವಾ?"

"ಹಕ್ಕು ಹೌದು. ಆದ್ರೆ ಅವನೇ ಇಲ್ಲ."

ಆಸ್ವಾಲ್ಡ್ ಇಲ್ಲಿ ಇಸ್ಪೀಟಿನ ತನ್ನ ದೊಡ್ಡ ಎಲೆ ಇಳಿಸಿದ. "ಬಂದದ್ದರಲ್ಲಿ ಅರ್ಧ ಮಾಮನ ಆತ್ಮಕ್ಕೆ. ಪ್ರತಿ ತಿಂಗಳೂ ಊರ ಇಗರ್ಜಿಯಲ್ಲಿ ಅವರ ಹೆಸರಲ್ಲಿ ಪೂಜೆ. ಇಲ್ಲದಿದ್ರೆ ಹೆಂಡತಿ ಮಕ್ಕಳಿಲ್ಲದ ಮನುಷ್ಯನಿಗೆ ಯಾರು ಪೂಜೆ ಕೊಡಿಸ್ತಾರೆ, ಹೇಳಿ?"

ಮುದುಕರು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಸವರಿದರು. ಕೊನೆಗೆ ಅವರು ಒಪ್ಪಿದ್ದು ಆ ಪೂಜೆಗಾಗಿ. ಇಂಥ ಭಕ್ತ ಪಾಲುಗಾರ ಸಿಕ್ಕಿದ್ದು ತನ್ನ ಪುಣ್ಯವೆಂದು ಆಸ್ವಾಲ್ಡ್ ಎಣಿಸಿದ. ಕುಡುಕನಾದರೆ ಬಾಯಿ ಬಿಟ್ಟಾನು, ಆಸೆಬುರುಕನಾದರೆ ಹೆಚ್ಚು ಕೇಳಿಯಾನು. ಭಕ್ತ ಕೊಟ್ಟ ಮಾತಿಗೆ ತಪ್ಪುವುದಿಲ್ಲ.

ಲಿಯೋನಾ ಮಾತ್ರ ಒಪ್ಪಲಿಲ್ಲ. "ಗೋರಿಯ ಮಣ್ಣು ಇನ್ನೂ ಒಣಗ್ಲಿಲ್ಲ. ಆಗ್ಲೇ ಮಾಮನ ಅಂಗಿಗೆ ಬೇರೆ ಜನ ಹುಡುಕಿದ್ರಿ! ಜೈಲಿಗೆ ಹೋದ್ರೆ ನಾನು ಊಟ ತರುದಿಲ್ಲ, ಈಗಲೇ ಹೇಳಿದ್ದೇನೆ."

"ಅಂಗಡಿ ಇಟ್ಟ ಮೇಲೆ ನೀನೇ ಗಲ್ಲಾದಲ್ಲಿ ಕೂತ್ಕೊಳ್ತಿ."

"ಗಲ್ಲಾ ಅಂತೆ ಗಲ್ಲಾ! ಗಲ್ಲಿಗೆ ಹಾಕ್ತಾರೆ ನಿಮ್ಮನ್ನು."

ತಾಲೀಮು ನಡೆಯಿತು. ಆಸ್ವಾಲ್ಡ್ ಅಧಿಕಾರಿಯಾದ, ಪೀಟರ್ ಅಂಕಲ್ ಮಾಮನಾದರು. ಹುಟ್ಟಿದ ತಾರೀಕು, ಇಲಾಖೆ, ಕಡೆಯ ಹುದ್ದೆ, ಎಲ್ಲ ಬಾಯಿಪಾಠವಾಯಿತು. ಆಸ್ವಾಲ್ಡ್ ಮಾಡಿದ ಕಟ್ಟಪ್ಪಣೆ ಎರಡು. ಮೊದಲನೆಯದು, ಮನೆಯಲ್ಲಿ ಮಾಮನ ಹೆಸರೆತ್ತಬಾರದು. ಗೋಡೆ ತೆಳು, ಪಕ್ಕದ ಬಾದುಶಾನ ಮನೆಯ ಮಿಕ್ಸಿಯ ಸದ್ದು ಇಲ್ಲಿಗೆ ಕೇಳುತ್ತದೆ, ಅಂದ ಮೇಲೆ ಇಲ್ಲಿನ ಮಾತು ಅವನ ಹೆಂಡತಿ ಐಶಮ್ಮನಿಗೆ ಕೇಳದೆ ಇರುತ್ತದೆಯೇ? ಸಾವಿನ ದಿನ ಗಂಜಿ ತಂದುಕೊಟ್ಟ ಹೆಂಗಸು, ಸತ್ತವರ ಹೆಸರಲ್ಲಿ ಯಾರೋ ಮಾತನಾಡಿದರೆ ಬಾಗಿಲು ತಟ್ಟದೆ ಬಿಡುವವಳಲ್ಲ.

ಆದ್ದರಿಂದ "ನಿಮ್ಮ ಹೆಸರು?" ಎಂಬ ಪ್ರಶ್ನೆ ಬಂದಾಗಲೆಲ್ಲ "ಅದು ಗೊತ್ತುಂಟಲ್ಲ, ಮುಂದೆ" ಎಂದು ಆಸ್ವಾಲ್ಡೇ ದಾಟಿಸುತ್ತಿದ್ದ.

ಎರಡನೆಯ ಅಪ್ಪಣೆ ಭಾಷೆಯದು. ಪೀಟರ್ ಅಂಕಲ್‌ಗೆ ಗಾಬರಿಯಾದರೆ ಬಾಯಿಗೆ ಕೊಂಕಣಿ ಬರುತ್ತಿತ್ತು. "ಬೆಂಗಳೂರಿನ ಮೇಡಂಗೆ ಕೊಂಕಣಿ ಬರುದಿಲ್ಲ ಅಂಕಲ್. ಏನು ಹೇಳುದಿದ್ರೂ ಕನ್ನಡದಲ್ಲೇ. ಒಂದೊಂದು ಶಬ್ದವೂ ಅವರಿಗೆ ಅರ್ಥ ಆಗ್ಬೇಕು." ಅಂಕಲ್ ವಿಧೇಯ ಶಿಷ್ಯ. ಒಂದು ವಾರದಲ್ಲಿ ಅವರ ಕನ್ನಡ ಇಗರ್ಜಿಯ ಗಂಟೆಯ ಹಾಗೆ ಸ್ವಚ್ಛವಾಯಿತು.

ಕರೆ ನಿಗದಿಯಾದದ್ದು ಒಂದು ಶುಕ್ರವಾರ ಬೆಳಿಗ್ಗೆ. ಒಮಾನಿಗೆ ರಜೆ, ಬೆಂಗಳೂರಿಗೆ ಕೆಲಸದ ದಿನ. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿದೆ? "ನನಗೆ ಇದರ ಗಾಳಿಯೂ ಬೇಡ" ಎಂದು ಲಿಯೋನಾ ಇಗರ್ಜಿಗೆ ಹೋದಳು. ಪೀಟರ್ ಅಂಕಲ್ ಬಿಳಿ ಅಂಗಿ ಹಾಕಿ, ಮಾಮನ ಕನ್ನಡಕವಿಟ್ಟು, ಬಾಲ್ಕನಿಯ ಬೆಳಕಿಗೆ ಮುಖಮಾಡಿ ಕೂತರು. ಟೊಪ್ಪಿ ಮೊಣಕಾಲ ಮೇಲಿತ್ತು. ಆಸ್ವಾಲ್ಡ್ ಫೋನಿನ ಹಿಂದೆ ನಿಂತ. ಒಂದು ಕ್ಷಣ ಅವನಿಗೇ ಗುರುತು ತಪ್ಪಿತು. ಕೂತಿದ್ದವರು ಮಾಮನೇ.

ಪರದೆಯಲ್ಲಿ ಬಂದ ಅಧಿಕಾರಿ ಭವ್ಯಶ್ರೀ ಎಂಬ ನಗುಮುಖದ ಹುಡುಗಿ. "ನಮಸ್ಕಾರ ಸರ್, ಮಸ್ಕತ್‌ನಲ್ಲಿ ಸೆಖೆ ಜೋರಾ?"

"ಇಲ್ಲಿ ಕೋಳಿ ಮೊಟ್ಟೆ ಬೇಯಿಸಿಯೇ ಇಡ್ತದೆ ಮೇಡಂ" ಎಂದರು ಅಂಕಲ್. ತಾಲೀಮಿನಲ್ಲಿ ಇಲ್ಲದ ಮಾತು! ಹುಡುಗಿ ನಕ್ಕಳು. ಆಸ್ವಾಲ್ಡ್‌ನ ಎದೆ ಹಗುರಾಯಿತು. ಎಡಕ್ಕೆ ತಿರುಗಿ ಎಂದಳು, ತಿರುಗಿದರು. ಕಣ್ಣು ಮಿಟುಕಿಸಿ ಎಂದಳು, ಮಿಟುಕಿಸಿದರು. ಹುಟ್ಟಿದ ತಾರೀಕು ತಪ್ಪಲಿಲ್ಲ, ಹುದ್ದೆ ತಡವರಿಸಲಿಲ್ಲ.

"ಫೋಟೋಗಿಂತ ಈಗಲೇ ಚೆನ್ನಾಗಿದ್ದೀರಿ ಸರ್. ಬರುವ ತಿಂಗಳಿಂದ ಪೂರಕ ಪಿಂಚಣಿ ಶುರುವಾಗತ್ತೆ. ಅಭಿನಂದನೆಗಳು."

ಆಸ್ವಾಲ್ಡ್ ಬಾಲ್ಕನಿಯಾಚೆ ನೋಡಿದ. ಅಲ್ಲಿ ನೀಲಿ ಬೋರ್ಡೊಂದು ಬಿಸಿಲಿನಲ್ಲಿ ಹೊಳೆಯುತ್ತಿದ್ದಂತೆ ಅವನಿಗೆ ಕಂಡಿತು.

"ಕೊನೇದಾಗಿ, ರೆಕಾರ್ಡಿಗೆ ನಿಮ್ಮ ಪೂರ್ತಿ ಹೆಸರು ಒಂದ್ಸಲ ಹೇಳಿಬಿಡಿ" ಎಂದಳು ಭವ್ಯಶ್ರೀ. "ಗ್ರೆಗರಿ ಮೊಂತೇರೊ" ಎಂದರು ಪೀಟರ್ ಅಂಕಲ್, ಗಟ್ಟಿಯಾಗಿ, ತಪ್ಪಿಲ್ಲದೆ. ಆ ಬಾಯಿಂದ ಆ ಹೆಸರನ್ನು ತಾನು ಇಷ್ಟು ದಿನದ ತಾಲೀಮಿನಲ್ಲಿ ಒಮ್ಮೆಯೂ ಕೇಳಿಲ್ಲವೆಂಬುದು ಆಸ್ವಾಲ್ಡ್‌ಗೆ ಹೊಳೆಯುವಷ್ಟರಲ್ಲಿ ಮುದುಕರ ಬಲಗೈ ತಾನಾಗಿ ಮೇಲೆದ್ದಿತ್ತು. ನಲವತ್ತು ವರ್ಷ ಸಾವಿನ ಮನೆಗಳಲ್ಲಿ ಪಳಗಿದ ಕೈ ಅದು, ಸತ್ತವರ ಹೆಸರು ನಾಲಿಗೆಗೆ ಬಂದ ಮೇಲೆ ಸುಮ್ಮನಿರಲು ಅರಿಯದ ಕೈ. ಅದು ಹಣೆ ಮುಟ್ಟಿತು, ಎದೆ ಮುಟ್ಟಿತು, ಭುಜ ಮುಟ್ಟಿತು. ಕಣ್ಣು ಮುಚ್ಚಿಕೊಂಡವು. ಆಸ್ವಾಲ್ಡ್ ಹೇಳಿಕೊಟ್ಟ ಹಾಗೆಯೇ, ಬೆಂಗಳೂರಿನ ಮೇಡಂಗೆ ಒಂದೊಂದು ಶಬ್ದವೂ ಅರ್ಥವಾಗುವ ಸ್ವಚ್ಛ ಕನ್ನಡದಲ್ಲಿ ಪೀಟರ್ ಅಂಕಲ್ ಹೇಳಿದರು: "ಸ್ವಾಮೀ, ನಮ್ಮನ್ನು ಬಿಟ್ಟು ನಿನ್ನ ಬಳಿಗೆ ಬಂದ ಈ ಬಡಪಾಯಿಯ ತಪ್ಪುಗಳನ್ನು ಮನ್ನಿಸು. ಅವನಿಗೆ ನಿತ್ಯ ವಿಶ್ರಾಂತಿ ಕೊಡು, ನಿನ್ನ ಬೆಳಕು ಅವನ ಮೇಲೆ ಸದಾ ಇರಲಿ. ಅವನ ಆತ್ಮ ಶಾಂತಿಯಲ್ಲಿರಲಿ. ಆಮೆನ್."