ವಿಮಾನ ಹತ್ತದ ನಾಯಿ

ಗುಮಾಸ್ತ ಬುಟ್ಟಿಯ ಹುರಿ ಬಿಚ್ಚಿದ. ನಾಯಿಯನ್ನು ನೋಡಲು ಮೇಲಿನ ಬಟ್ಟೆ ಸರಿಸಿದ. ಒಳಗೆ ನಾಯಿ ಇರಲಿಲ್ಲ. ಜೋಳದ ಚೀಲ ಇತ್ತು.

೧೯೭೪ರ ಮೇ ತಿಂಗಳು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ. ಹೊರಗೆ ಬಿಸಿಲಿನಲ್ಲಿ ಮುಂಬಯಿಯ ವಿಮಾನ ಕಾಯುತ್ತಿತ್ತು. ಕೌಂಟರಿನ ಮುಂದೆ ನಿಂತವರು ಕಿತ್ತೂರಿನ ಹತ್ತಿ ವ್ಯಾಪಾರಿ ಶಂಕರೆಪ್ಪ ಮತ್ತು ಅವನ ಒಂಬತ್ತು ವರ್ಷದ ಮಗಳು ಮಾದೇವಿ. ನಾಯಿ ಅವಳದು. ಮೊಲದಷ್ಟು ಗಾತ್ರ, ಹಿಂಜಿದ ಹತ್ತಿಯ ಅರಳೆಯಂಥ ಬಿಳುಪು. ಅದಕ್ಕೇ ಹೆಸರು ಅರಳಿ.

ಅಷ್ಟು ಸಣ್ಣ ನಾಯಿಯಾದರೆ ತೊಡೆಯ ಮೇಲಿಟ್ಟುಕೊಂಡು ಹಾರಬಹುದು ಎಂದು ವಿಮಾನದವರು ಒಪ್ಪಿದ್ದರು. ನಿದ್ದೆ ಗುಳಿಗೆ ಕೊಟ್ಟಿರಬೇಕು, ಬುಟ್ಟಿ ಕಟ್ಟಿರಬೇಕು, ದಾರಿಯಲ್ಲಿ ಬಿಚ್ಚಬಾರದು. ಹುಡುಗಿ ಹೇಳಿದಂತೆ ಕೇಳಿದ್ದಳು. ಕಿತ್ತೂರಿನಿಂದ ಸಾಂಬ್ರಾದವರೆಗೆ ಬುಟ್ಟಿಯ ಮೇಲೆ ಕೈಯಿಟ್ಟು, ಪಿಸುಮಾತಿನಲ್ಲಿ ಜೋಳಕ್ಕೆ ಜೋಗುಳ ಹಾಡಿಕೊಂಡು ಬಂದಿದ್ದಳು.

ಈಗ ಅತ್ತಳು. ಅವಳು ಅಳಬಾರದು. ಹೃದಯದಲ್ಲಿ ತೂತಿತ್ತು. ಅತ್ತರೆ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಈ ಸ್ಥಿತಿಯಲ್ಲಿ ಹತ್ತಿಸಿಕೊಳ್ಳುವುದು ಆಗದ ಮಾತು ಎಂದರು ವಿಮಾನದವರು. ವಿಮಾನ ಹೋಯಿತು.

*

ಕಿತ್ತೂರು ಪೊಲೀಸ್ ಠಾಣೆಯ ಫೌಜದಾರ ನೀಲಪ್ಪ ಆಗಷ್ಟೇ ಲೋಂಡಾದಿಂದ ಬಂದಿದ್ದ. ರೈಲ್ವೆ ಮುಷ್ಕರ, ಬಂದೋಬಸ್ತು, ಸರಿಯಾದ ನಿದ್ದೆಯಿಲ್ಲ, ಸರಿಯಾದ ಊಟವಿಲ್ಲ. ಬೂಟು ಬಿಚ್ಚಲು ಬಗ್ಗಿದ್ದ. ಶಂಕರೆಪ್ಪ ಒಳಗೆ ಬಂದ.

"ನಾಯಿ ಕಳುವಾಗೇತ್ರಿ ಸಾಹೇಬ್ರ."

ನೀಲಪ್ಪ ಬಗ್ಗಿದಲ್ಲೇ ಕೇಳಿದ. "ಏನು?"

"ನಾಯಿ."

"ಹೂಂ. ಕೂಡ್ರಿ."

ದೇಶದ ರೈಲುಗಳೆಲ್ಲ ನಿಂತಿರುವಾಗ ಈ ಪುಣ್ಯಾತ್ಮನಿಗೆ ನಾಯಿಯ ಚಿಂತೆ. ನೀಲಪ್ಪ ಹಾಗೆಂದುಕೊಂಡ. ಆಮೇಲೆ ಶಂಕರೆಪ್ಪ ಉಳಿದದ್ದು ಹೇಳಿದ.

"ಮುಂಬೈ ಡಾಕ್ಟರು ಆಪರೇಶನ್ನಿಗೆ ದಿನಾ ಕೊಟ್ಟಾರ್ರಿ. ನಾಡದ್ದು ಇನ್ನೊಂದು ವಿಮಾನ ಐತಿ. ಅದೂ ತಪ್ಪಿತಂದ್ರ ಆ ಡಾಕ್ಟರು ವಿಲಾಯ್ತಿಗಿ ಹೋಗಿಬಿಡತಾರ. ಹುಡುಗಿ ಈ ಮಳಿಗಾಲ ದಾಟೂದಿಲ್ಲ ಅಂತ ಬೆಳಗಾವ್ಯಾಗ ಹೇಳ್ಯಾರ. ರೈಲಂತೂ ಇಲ್ಲ. ಬಸ್ಸಿನಾಗ ಹಾಕಿದ್ರ ನಿಪ್ಪಾಣಿ ಸಹಿತ ಮುಟ್ಟೂದಿಲ್ಲ."

"ನಾಯಿ ಬಿಟ್ಟು ಕರಕೊಂಡು ಹೋಗ್ರಿ."

"ಹುಡುಗಿ ಅಳತೈತ್ರಿ. ಅತ್ತರ ಉಸಿರು ಹಿಡಿತೈತಿ. ಅರಳಿ ತೊಡಿ ಮ್ಯಾಲ ಇದ್ರ ಅಷ್ಟ ಸುಮ್ಮನಿರತೈತಿ. ಡಾಕ್ಟರ ಹೇಳ್ಯಾರ, ನಾಯಿ ಜೋಡಿನ ಕರಕೊಂಡು ಬರ್ರಿ ಅಂತ."

ನೀಲಪ್ಪ ಬಿಚ್ಚಿದ್ದ ಬೂಟಿನ ಲೇಸು ಮತ್ತೆ ಕಟ್ಟಿದ.

"ಯಾರ ಮ್ಯಾಲ ಅನುಮಾನ ಐತಿ?"

"ಬಾಜೂ ಮನಿ ಜಟ್ಟೆಪ್ಪ. ನಾಯಿ ಅವನ ಕೋಳಿಮರಿ ಹಿಡೀತು ಅಂತ ಹೋದ ವಾರ ಬಡಿಗಿ ತಗೊಂಡು ಬಂದಿದ್ದ. ಒಳಗ ಹಾಕ್ರಿ ಅವನ್ನ."

*

ಶಂಕರೆಪ್ಪನ ಹೆಂಡತಿ ದೇವಕ್ಕ ಅಳುವುದನ್ನು ಮುಗಿಸಿದ್ದಳು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಳು.

"ಹಾಲಿನಾಗ ಗುಳಿಗಿ ಹಾಕಿ ನಾನ ಕುಡಿಸಿದೆ. ಮಕ್ಕೊಂತು. ಬುಟ್ಟ್ಯಾಗ ಇಟ್ಟು ನಾನ ಹುರಿ ಕಟ್ಟಿದೆ. ಒಳಗಿನ ಖೋಲ್ಯಾಗ ಇತ್ತು."

"ಆಮ್ಯಾಲೆ?"

"ಹುಡುಗಿ ಹೊಂಟಿತ್ತಲ್ರಿ, ಓಣಿ ಹೆಣಮಕ್ಕಳು ಬಂದ್ರು. ಎಲ್ಲಾರೂ ಪಡಸಾಲ್ಯಾಗ ಇದ್ವಿ. ಹೊಂಡೂ ಹೊತ್ತಿಗೆ ಡ್ರೈವರ್ ದುರ್ಗಪ್ಪ ಬುಟ್ಟಿ ಒಯ್ದು ಮೋಟಾರದಾಗ ಇಟ್ಟ."

"ಹಿತ್ತಲಕಡೆ ಯಾರಿದ್ರು?"

"ನಮ್ಮ ಅತ್ತಿ. ಶಟ್ಟೆವ್ವ ಬುಟ್ಟಿ ಹೊತ್ತು ಹಾಲು ಹಾಕಾಕ ಬಂದಿದ್ಲು, ಹಾಕಿಸ್ಕೊಳ್ಳಾಕ ಹತ್ತಿದ್ರು. ಅವರ ಕಣ್ಣು ತಪ್ಪಿಸಿ ಯಾರು ಬರತಾರ್ರಿ?"

ಅತ್ತೆ ರಾಚವ್ವ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅವರೆಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

*

ಡ್ರೈವರ್ ದುರ್ಗಪ್ಪ ನಿಂತಲ್ಲೇ ನಡುಗಿದ. ದಾರಿಯಲ್ಲಿ ಹಿರೇಬಾಗೇವಾಡಿಯಲ್ಲಿ ಮೋಟಾರು ನಿಲ್ಲಿಸಿದ್ದು ನಿಜ. ಅಪ್ಪ ಮಗಳು ಚಹಾ ಕುಡಿಯಲು ಇಳಿದದ್ದೂ ನಿಜ.

"ಬುಟ್ಟಿ ನಿನ್ನ ಹತ್ರ ಇತ್ತು."

"ಇಲ್ರಿ ಸಾಹೇಬ್ರ. ಆ ಕೂಸು ಬುಟ್ಟಿ ತೊಡಿಮ್ಯಾಲ ಇಟ್ಕೊಂಡ ಹೊಟೇಲದಾಗ ಕುಂತಿತ್ತು. ಬೇಕಾದ್ರ ಹೊಟೇಲದಾವನ್ನ ಕೇಳ್ರಿ."

"ಮತ್ತ ನಡುಗತಿ ಯಾಕ?"

"ನನ್ನ ಹತ್ರ ಲಾಯಸನ್ಸ್ ಇಲ್ರಿ."

ನೀಲಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಸಿಟ್ಟು ಮಾಡುವಷ್ಟೂ ತ್ರಾಣ ಉಳಿದಿರಲಿಲ್ಲ. "ನಡಿ. ಲಾಯಸನ್ಸ್ ಮಾಡಿಸಿಕೊಂಡ ಮ್ಯಾಲ ಮೋಟಾರ ಮುಟ್ಟು," ಎಂದು ಕಳಿಸಿದ.

ಜಟ್ಟೆಪ್ಪ ಮನೆಯಲ್ಲಿರಲಿಲ್ಲ. ಹಿಂದಿನ ದಿನವೇ ಸುರೇಬಾನಕ್ಕೆ ಮಗಳ ಮನೆಗೆ ಹೋಗಿದ್ದ. ಅವನ ಹೆಂಡತಿ ತಾಯವ್ವ ಹಾಗೆಂದಳು. ಹೊರಸಿನ ಮೇಲೆ ಕೂತ ಮಾವನೂ ಹಾಗೇ ಎಂದ. ಬಸ್ಸಿಗೆ ಕೂಡಿಸಿ ಬಂದಿದ್ದ ಎದುರುಮನೆಯವನೂ ಅದನ್ನೇ ಹೇಳಿದ.

"ನಾಯಿಮ್ಯಾಲ ಸಿಟ್ಟೈತ್ರಿ, ಸುಳ್ಳ್ಯಾಕ ಹೇಳಲಿ," ಎಂದಳು ತಾಯವ್ವ. "ಆದ್ರ ಆ ಹುಡುಗೀಮ್ಯಾಲ ಯಾರಿಗೆ ಸಿಟ್ಟೈತಿ? ಮುಂಜಾನೆ ನಾನ ಹೋಗಿ ಅದಕ್ಕ ಉಡಿ ತುಂಬಿ ಬಂದೇನಿ."

"ಏನು ತುಂಬಿದ್ರಿ?"

ಗಂಡಸಿನ ಬಾಯಲ್ಲಿ ಇದೆಂಥ ಪ್ರಶ್ನೆ ಎನ್ನುವಂತೆ ತಾಯವ್ವ ನೋಡಿದಳು. "ಎಲ್ಲಾರೂ ತುಂಬೂದ ಮತ್ತ. ಕಾಳು, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಬೇರು. ಊರು ಬಿಟ್ಟು ಹೋಗೂ ಹೆಣಮಗಳು ಬರೀ ಉಡೀಲೆ ಹೋಗಬಾರದು. ಸುಖದಿಂದ ತಿರಗಿ ಬರಲಿ ಅಂತ ತುಂಬತೇವಿ."

ನೀಲಪ್ಪ ಬಾಗಿಲಿಗೆ ಒರಗಿ ನಿಂತ. ಶಂಕರೆಪ್ಪ ಠಾಣೆಯ ಮೇಜಿನ ಮೇಲೆ ತಂದಿಟ್ಟಿದ್ದ ಚೀಲ ಕಣ್ಣ ಮುಂದೆ ಬಂತು. ಜೋಳವನ್ನು ಸುರಿದು ನೋಡಿದಾಗ ನಡುವೆ ಕೊಬ್ಬರಿ ಬಟ್ಟಲು ಬಿದ್ದಿತ್ತು. ನಾಲ್ಕಾರು ಉತ್ತತ್ತಿ, ಒಂದು ಅರಿಷಿಣ ಬೇರು. ಯಾವುದೋ ಸಂತೆಯ ಚೀಲ, ಅವಸರದಲ್ಲಿ ಕೈಗೆ ಸಿಕ್ಕದ್ದು ಎಂದುಕೊಂಡು ಬದಿಗೆ ಸರಿಸಿದ್ದ. ತನ್ನ ತಲೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಮನ್ಯಾಗ ಇದ್ದ ಹೆಣಮಕ್ಕಳೆಲ್ಲಾ ತುಂಬಿದ್ರೇನು?"

"ಎಲ್ಲಾರೂ ತುಂಬಿದ್ವಿ. ರಾಚವ್ವಾರನ್ನ ಬಿಟ್ಟು. ಗಂಡ ಇಲ್ಲದವರು ತುಂಬೂಹಂಗಿಲ್ಲಲ್ರಿ. ಅವರು ಒಳಗ ಇದ್ರು."

*

ಶಂಕರೆಪ್ಪನ ಪಡಸಾಲೆಯಲ್ಲಿ ನೀಲಪ್ಪ ಚೀಲವನ್ನು ಕಂಬಳಿಯ ಮೇಲೆ ಸುರಿದ. ಮಾತಾಡುವ ಮೊದಲೇ ದೇವಕ್ಕನಿಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡಳು.

"ಜಟ್ಟೆಪ್ಪನ್ನ ಹಿಡದ್ರೇನ್ರಿ?" ಎಂದ ಶಂಕರೆಪ್ಪ.

"ಅವನು ಊರಾಗ ಇಲ್ಲ. ಡ್ರೈವರೂ ಅಲ್ಲ, ಬುಟ್ಟಿ ದಾರೀಲಿ ನಿಮ್ಮ ಮಗಳ ತೊಡಿ ಬಿಟ್ಟು ಇಳೀಲಿಲ್ಲ. ಅಂದ್ರ ನಾಯಿ ಈ ಮನ್ಯಾಗ ಬದಲಾಗೇತಿ." ನೀಲಪ್ಪ ಕುಳಿತುಕೊಂಡ. ಮೊಣಕಾಲು ನೋಯುತ್ತಿತ್ತು. "ಕಳ್ಳ ಭಾರ ಬರಲಿ ಅಂತ ಜೋಳಾ ಹಾಕತಾನ. ಕಲ್ಲರೆ ಹಾಕತಾನ. ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ಯಾಕ ಹಾಕತಾನ? ಇದು ಚೀಲಾ ಅಲ್ರಿ. ಉಡಿ."

ನೀಲಪ್ಪ ಕೊಬ್ಬರಿ ಬಟ್ಟಲನ್ನು ಜೋಳದಿಂದ ಎತ್ತಿ ಬದಿಗಿಟ್ಟ.

"ತುಂಬೂ ಹಕ್ಕಿದ್ದವರೆಲ್ಲಾ ಎಲ್ಲಾರ ಎದುರಿಗೆ ತುಂಬ್ಯಾರ. ಕದ್ದು ತುಂಬೂ ಪ್ರಸಂಗ ಯಾರಿಗೈತಿ? ಹಕ್ಕ ಇಲ್ಲದವರಿಗೆ. ಎಲ್ಲಾರೂ ಪಡಸಾಲ್ಯಾಗ ಇದ್ದಾಗ ಒಳಗಿದ್ದವರು ಒಬ್ಬರ. ಹಿತ್ತಲ ಬಾಗಿಲಿಗೆ ಬಂದಾಕಿ ಹಾಲಿನ ಶಟ್ಟೆವ್ವ. ಆಕಿ ಹಾಲಿನ ಬುಟ್ಟ್ಯಾಗ ಮಲಗಿದ ನಾಯಿ ಹೊರಗ ಹೋತು." ಅವನು ಅಡುಗೆಮನೆಯ ಕಡೆ ತಿರುಗಿದ. ದನಿ ತಗ್ಗಿಸಿದ. "ಹೌದಲ್ರಿ ಅವ್ವಾರ?"

ರಾಚವ್ವ ಮೊರ ಕೆಳಗಿಟ್ಟಳು. "ಹೌದಪಾ. ಶಟ್ಟೆವ್ವಗ ಏನೂ ಅನಬ್ಯಾಡ. ನಾಕ ದಿನ ಇಟ್ಕೊ ಅಂತ ನಾನ ಕೊಟ್ಟೇನಿ."

"ಯವ್ವಾ!" ಶಂಕರೆಪ್ಪ ಎದ್ದು ನಿಂತ. "ನನ್ನ ಮಗಳನ್ನ ಕೊಲ್ಲಾಕ ಹತ್ತಿದ್ದೇನು ನೀನು?"

"ನಿಮ್ಮಪ್ಪ ದವಾಖಾನಿಗಿ ತನ್ನ ಕಾಲೀಲೆ ನಡಕೋತ ಹೋಗಿದ್ದ. ಕೊಯ್ಯತೇವಿ, ಆರಾಮ ಆಗತಾನ ಅಂದ್ರು. ಹೆಣಾ ಚಕ್ಕಡ್ಯಾಗ ಹಾಕ್ಕೊಂಡ ಬಂದ್ರಿ. ನಿನ್ನ ತಮ್ಮನೂ ಹಂಗ ದವಾಖಾನಿಗಿ ಹೋದ. ಅವನ ಮಾರಿನೂ ನನಗ ನೋಡಾಕ ಸಿಗಲಿಲ್ಲ." ಮುದುಕಿಯ ದನಿ ಏರಲಿಲ್ಲ. ಎಷ್ಟೋ ವರ್ಷ ಒಳಗೇ ಆಡಿ ಆಡಿ ಸವೆದ ಮಾತು ಅದು. "ನಾಯಿ ಇಲ್ಲಂದ್ರ ಹುಡುಗಿ ಹೋಗಂಗಿಲ್ಲ ಅಂತ ಗೊತ್ತಿತ್ತು. ಸಾಯೂದ ಇದ್ರ ನನ್ನ ಕೈಯಾಗ ಸಾಯಲಿ. ಪರಊರಾಗ ಬ್ಯಾಡ."

ನೀಲಪ್ಪ ಕೇಳಬೇಕಾದ ಪ್ರಶ್ನೆ ಒಂದು ಉಳಿದಿತ್ತು. "ಹೋಗಬಾರದು ಅಂದವರು ಉಡಿ ಯಾಕ ತುಂಬಿದ್ರಿ?"

"ಬುಟ್ಟಿ ಬಿಚ್ಚದನ ಹೋಗೇಬಿಟ್ಟಿದ್ರ?" ಎಂದಳು ರಾಚವ್ವ. "ನಂದೊಂದು ಉಡಿ ಜೋಡೀಲೆ ಇರಲಿ ಅಂತ."

ಶಂಕರೆಪ್ಪ ಮತ್ತೆ ಕುಳಿತ. ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ಸರಿಯಿತು. ಮಾದೇವಿ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತಿರಲಿಲ್ಲ. ಅದಕ್ಕೇ ಎಲ್ಲರಿಗೂ ಹೆದರಿಕೆಯಾಯಿತು.

"ಆಯಿ," ಎಂದಳು ಅಜ್ಜಿಯನ್ನು ನೋಡಿ. "ನಾ ಸಾಯತೇನೇನ?"

ಆ ಮನೆಯಲ್ಲಿ ಈ ಮಾತನ್ನು ಆ ಹುಡುಗಿಯ ಎದುರು ಯಾರೂ ಎತ್ತಿರಲಿಲ್ಲ. ಡಾಕ್ಟರ ಹೆಸರು ಹೇಳಿದ್ದರು, ವಿಮಾನದ ಕತೆ ಹೇಳಿದ್ದರು, ಕಿಟಕಿಯಿಂದ ಮೋಡ ಕಾಣುತ್ತದೆ ಎಂದಿದ್ದರು. ದೇವಕ್ಕ ಓಡಿ ಹೋಗಿ ಮಗಳನ್ನು ಹಿಡಿದಳು. ಹುಡುಗಿ ಅವ್ವನ ಕಡೆ ನೋಡಲಿಲ್ಲ. ಆಯಿಯ ಬಾಯನ್ನೇ ನೋಡುತ್ತಿದ್ದಳು.

ರಾಚವ್ವ ಗೋಡೆ ಹಿಡಿದು ಎದ್ದಳು. ಮೊಮ್ಮಗಳ ಹತ್ತಿರ ಬಂದಳು. ಕೆನ್ನೆ ಮುಟ್ಟಿದಳು.

"ಇಲ್ಲವ್ವಾ," ಎಂದಳು. "ಶಟ್ಟೆವ್ವನ ಮನೀಗೆ ಹೋಗಿ ಅರಳೀನ ತರತೇನಿ. ನಾಡದ್ದು ತೊಡಿಮ್ಯಾಲ ಇಟ್ಕೊಂಡು ಕುಂಡ್ರು. ಹೋಗಿ ಬಾ."

ಮುಂಜಾನೆ ಮಗಳು ಹೊರಟಾಗ "ಹೋಗಿ ಬಾ" ಎಂಬ ಎರಡು ಮಾತು ಅತ್ತೆಯ ಬಾಯಿಂದ ಹೊರಟಿರಲಿಲ್ಲ ಎಂಬುದು ದೇವಕ್ಕನಿಗೆ ಆಗ ಹೊಳೆಯಿತು.

ಮುದುಕಿ ಚಪ್ಪಲಿ ಮೆಟ್ಟಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟಳು. ಶಂಕರೆಪ್ಪ ಹಿಂದೆ ಹೋಗಲು ಎದ್ದ. ನೀಲಪ್ಪ ತೋಳು ಹಿಡಿದು ಕೂಡಿಸಿದ.

ಸುಳ್ಳು ಹೇಳುವವರ ಮುಖ ನೋಡುವುದೇ ನೀಲಪ್ಪನ ಕಸುಬು. ರಾಚವ್ವ ಮೊಮ್ಮಗಳಿಗೆ "ಇಲ್ಲವ್ವಾ" ಎಂದದ್ದು ನಿಜವೋ ಸುಳ್ಳೋ ಅವನಿಗೆ ತಿಳಿಯಲಿಲ್ಲ. ಹುಡುಗಿ ಮಾತ್ರ ನಂಬಿದಳು. ಒಳಗೆ ಹೋಗಿ ಮಲಗಿದಳು.